ಕೆಡಿಸುವ ಪ್ರವಾಹವೇ ಕಣ್ಣು ತೆರೆಸಿದ್ದು

1911ರಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಯೋಗಾಲಯದಲ್ಲಿ ಕಾಮರ್ಲಿಂಗ್ ಓನ್ನೆಸ್ ಮತ್ತು ಸಂಗಡಿಗರು ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣಿಸಿದರು. ಸುಮಾರು 4.2 ಕೆಲ್ವಿನ್‌ಗೆ ಇಳಿಯುತ್ತಿದ್ದಂತೆ ಅದರ ವಿದ್ಯುತ್ ರೋಧ ಮಾಯವಾಯಿತು. ಸೂಪರ್‌ಕಂಡಕ್ಟರ್, ಅಂದರೆ ಅತಿವಾಹಕದ ಕಥೆ ಶುರುವಾದದ್ದು ಹೀಗೆ. ಆದರೆ 1913ರ ಹೊತ್ತಿಗೇ ಒಂದು ತೊಡಕು ಕಾಣಿಸಿತು. ಪ್ರವಾಹ ಒಂದು ಮಿತಿ ದಾಟಿದರೆ ಅತಿವಾಹಕತೆಯೇ ಕೆಟ್ಟುಹೋಗುತ್ತಿತ್ತು. ಪ್ರವಾಹ ಅಂದಿನಿಂದ ಒಳಗಿನ ಶತ್ರುವಾಯಿತು.

ಇನ್ನು ಬೆಳಕಿನ ಮಾತು. ಲೋಹ ಅತಿವಾಹಕವಾದರೂ ನಮ್ಮ ಕಣ್ಣಿಗೆ ಏನೂ ವ್ಯತ್ಯಾಸ ತೋರದು. ಅಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿರುತ್ತವೆ. ಆ ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ, ನಾವು ಕಾಣುವ ಬೆಳಕಿನ ಒಂದು ಕಣದ ಶಕ್ತಿಯ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ. ಹೂವಿನ ತೂಕ ನೋಡಲು ಭತ್ತದ ಮೂಟೆಯ ತಕ್ಕಡಿ ತಂದಂತೆ! 1956-57ರಲ್ಲಿ ಅಮೆರಿಕದ ಗ್ಲೋವರ್ ಮತ್ತು ಟಿಂಕಮ್ ಸೀಸ, ತವರಗಳ ತೆಳುಪದರದ ಮೂಲಕ ಮೈಕ್ರೋವೇವ್ ಮತ್ತು ದೂರದ ಅವಗೆಂಪು ಕಿರಣ ಹಾಯಿಸಿ ಆ ಶಕ್ತಿಯ ಅಂತರವನ್ನು ಗುರುತಿಸಿದರು. 1957ರಲ್ಲೇ ಬಾರ್ಡೀನ್, ಕೂಪರ್, ಶ್ರೀಫರ್ ಜೋಡಿಗಳ ಸಿದ್ಧಾಂತ ಮುಂದಿಟ್ಟರು.

ಒಂದು ಮಾತ್ರ ಬೆಳಕಿನ ಕೈಗೆ ಸಿಗದೆ ಉಳಿಯಿತು. ಜೋಡಿಗಳ ಒಗ್ಗಟ್ಟಿನ ಬಲ ತಾನೇ ಹೆಚ್ಚಿ ತಗ್ಗುವ ಕಂಪನ ಅದು. ಕಣವಿಜ್ಞಾನದ ಹಿಗ್ಸ್ ಕಣದೊಡನೆ ಅದಕ್ಕಿರುವ ಹೋಲಿಕೆಯಿಂದ ಅದಕ್ಕೂ ಹಿಗ್ಸ್ ಎಂದೇ ಹೆಸರು. ಬೆಳಕಿನ ಅಲೆ ಜೋಡಿಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಳ್ಳುತ್ತದೆ. ಒಗ್ಗಟ್ಟಿಗೆ ಎಡಬಲದ ಭೇದವಿಲ್ಲ. ಹಾಗಾಗಿ ಮಂದ ಬೆಳಕಿಗೆ ಅದು ಓಗೊಡುವುದಿಲ್ಲ. 2013ರಲ್ಲಿ ಟೋಕಿಯೋದಲ್ಲಿ ಪ್ರಬಲ ಟೆರಾಹರ್ಟ್ಸ್ ಮಿಡಿತಗಳಿಂದ ಹೊಡೆದೇ ಅದನ್ನು ಎಬ್ಬಿಸಬೇಕಾಯಿತು.

2017ರಲ್ಲಿ ಮೂರ್, ವೋಲ್ಕೋವ್, ಎಫೆಟೋವ್ ಎಂಬ ಸಿದ್ಧಾಂತಿಗಳು ಒಂದು ಸರಳ ಉಪಾಯ ಸೂಚಿಸಿದರು: ಅತಿವಾಹಕದಲ್ಲಿ ಮೊದಲೇ ಪ್ರವಾಹ ಹರಿಯುತ್ತಿರಲಿ. ಆಗ ಅಲೆಯ ಒಂದು ತಳ್ಳು ಪ್ರವಾಹಕ್ಕೆ ಕೂಡುತ್ತದೆ, ಇನ್ನೊಂದು ಕಳೆಯುತ್ತದೆ. ಒಗ್ಗಟ್ಟು ಅದಕ್ಕೆ ತಕ್ಕಂತೆ ತಗ್ಗುತ್ತದೆ, ಹೆಚ್ಚುತ್ತದೆ. 2019ರಲ್ಲಿ ಜಪಾನಿನ ಶಿಮಾನೋ ತಂಡ ನಯೋಬಿಯಂ ನೈಟ್ರೈಡ್ ಪದರದಲ್ಲಿ ಪ್ರವಾಹ ಹರಿಸಿ, ಬೆಳಕು ಹೀರಿಕೆಯಾಗುವುದನ್ನು ಕಂಡು ಇದನ್ನು ದೃಢಪಡಿಸಿತು.

ಪ್ರವಾಹದ ಗುಣವೇನೂ ಬದಲಾಗಿಲ್ಲ ಎಂಬುದನ್ನು ನಾವು ಗಮನಿಸಬೇಕು. ಜೋಡಿಗಳನ್ನು ಸಡಿಲಿಸುವುದು ಅದರ ಹಳೆಯ ಚಾಳಿ. ಮಿತಿ ಮೀರಿದರೆ ಇಂದಿಗೂ ಅದು ಅತಿವಾಹಕತೆಯನ್ನು ಕೆಡಿಸುತ್ತದೆ. ಮಿತಿಯೊಳಗೆ ಅದೇ ಚಾಳಿ, ಮಂದ ಬೆಳಕಿಗೆ ಕಾಣದ್ದನ್ನು ಕಾಣಿಸಿತು.