ನಾತಾನನಿಂದ ತಾಮಾರಳವರೆಗೆ: ಬಲಾಢ್ಯರನ್ನು ಎದುರಿಸುವ ಧೈರ್ಯದ ಕ್ರೈಸ್ತ ಚಿಂತನೆ

ಅಧಿಕಾರಸ್ಥನ ಅನ್ಯಾಯವನ್ನು ಅವನ ಮುಖದೆದುರೇ ಹೇಳುವುದನ್ನು ಕ್ರೈಸ್ತ ನೀತಿಚಿಂತನೆ ಮೊದಲಿಗೆ ಪ್ರವಾದಿಯ, ಅಂದರೆ ದೇವರ ಪರವಾಗಿ ಅರಸನನ್ನು ಲೆಕ್ಕ ಕೇಳುವವನ, ಕರ್ತವ್ಯವೆಂದು ಕಂಡಿತು. ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡು, ಆಕೆಯ ಗಂಡ ಊರೀಯನನ್ನು ರಣರಂಗದಲ್ಲಿ ಸಾಯುವಂತೆ ಮಾಡಿದ ದಾವೀದನೆದುರು ನಾತಾನ ನಿಂತದ್ದು, ದ್ರಾಕ್ಷಿತೋಟಕ್ಕಾಗಿ ನಾಬೋತನ ಪ್ರಾಣಹೋದಾಗ ಅಹಾಬನನ್ನು ಎಲೀಯ ಖಂಡಿಸಿದ್ದು, ಹೆರೋದನ ವಿವಾಹವನ್ನು ಆಕ್ಷೇಪಿಸಿ ಸ್ನಾನಿಕನಾದ ಯೋಹಾನ ತಲೆ ತೆತ್ತದ್ದು ಈ ಪರಂಪರೆಯ ಮೂಲಮಾದರಿಗಳು. ಆದರೆ ನಾತಾನನ ಪ್ರಸಂಗದಲ್ಲಿ ಬತ್ಷೆಬೆಗೆ ಒಂದು ಮಾತೂ ಇಲ್ಲ.

ಧರ್ಮಸಭೆಗೆ ಸಾಮ್ರಾಜ್ಯದ ಆಶ್ರಯ ಸಿಕ್ಕ ಮೇಲೆ ಈ ಹೊಣೆ ಬಿಷಪರ ಪಾಲಿಗೆ ಬಂತು. ಥೆಸಲೋನಿಕದ ಹತ್ಯಾಕಾಂಡಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಪ್ರಭುಭೋಜನದಲ್ಲಿ ಪಾಲಿಲ್ಲವೆಂದು ಮಿಲಾನಿನ ಬಿಷಪ್ ಆಂಬ್ರೋಸ್ 390ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್‌ಗೆ ತಿಳಿಸಿದರು. ತಪ್ಪಿದವನನ್ನು ಪ್ರೀತಿಯಿಂದ ತಿದ್ದುವುದಕ್ಕೆ ‘ಸೋದರ ತಿದ್ದುಪಾಟು’ ಎನ್ನುತ್ತಾರೆ. 13ನೇ ಶತಮಾನದ ಥಾಮಸ್ ಅಕ್ವೈನಾಸ್, ಪೇತ್ರನನ್ನು ಪೌಲನು ಬಹಿರಂಗವಾಗಿ ಎದುರಿಸಿದ ಉದಾಹರಣೆ ಕೊಟ್ಟು, ಅಧೀನರೂ ಮೇಲಿನವರನ್ನು ತಿದ್ದಬಹುದೆಂದು ವಾದಿಸಿದರು. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಹೇಳುವ ಕ್ರಮದಲ್ಲಿ ಮೊದಲು ಒಂಟಿಯಾಗಿ, ಬಳಿಕ ಸಾಕ್ಷಿಗಳೊಡನೆ, ಕೊನೆಗೆ ಸಭೆಯ ಮುಂದೆ ತಪ್ಪನ್ನು ಎತ್ತಬೇಕು; ಇದು ಸರಿಸಮಾನರಿಗೆ ಒಗ್ಗುತ್ತದೆಯೇ ಹೊರತು, ದೌರ್ಜನ್ಯಕ್ಕೊಳಗಾದವಳು ದೌರ್ಜನ್ಯ ಎಸಗಿದವನ ಬಳಿ ಒಂಟಿಯಾಗಿ ಹೋಗಬೇಕೆಂದು ಬೋಧಿಸಿದರೆ ಅದೇ ಇನ್ನೊಂದು ಅನ್ಯಾಯವಾಗುತ್ತದೆ.

20ನೇ ಶತಮಾನದಲ್ಲಿ ಪ್ರಶ್ನೆ ವ್ಯಕ್ತಿಯಿಂದ ವ್ಯವಸ್ಥೆಗೆ ಹಬ್ಬಿತು. ನಾಜಿ ಆಳ್ವಿಕೆಯಲ್ಲಿ ಸಭೆಯ ಮೇಲೆ ಪ್ರಭುತ್ವದ ಯಜಮಾನಿಕೆಯನ್ನು 1934ರ ಬಾರ್ಮೆನ್ ಘೋಷಣೆ ತಿರಸ್ಕರಿಸಿತು. ಬೆಂಗಳೂರಿನ ಧರ್ಮ–ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ನಡೆಸಿದ್ದ ಎಂ.ಎಂ. ಥಾಮಸ್ 1975ರ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಬರೆದರು. ಅದೇ ನಗರದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸ, ನೊಂದವರ ಅನುಭವದಿಂದಲೇ ಹೊರಡುವ ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾಯಿತು.

ನೊಂದವಳ ದನಿ ಮುನ್ನೆಲೆಗೆ ಬಂದದ್ದು ಸ್ತ್ರೀವಾದಿ ಓದಿನಿಂದ. ಅಣ್ಣ ಅಮ್ನೋನನಿಂದ ಅತ್ಯಾಚಾರಕ್ಕೊಳಗಾದ ದಾವೀದನ ಮಗಳು ತಾಮಾರಳು ಮೌನವಾಗಿರದೆ ಗೋಳಿಡುತ್ತಾ ಹೊರಟಳು. ಸುಮ್ಮನಿರೆಂದದ್ದು ಇನ್ನೊಬ್ಬ ಅಣ್ಣ ಅಬ್ಷಾಲೋಮ, ಸಿಟ್ಟಾದರೂ ಶಿಕ್ಷಿಸದವನು ತಂದೆ. ಈ ಅಧ್ಯಾಯವನ್ನು ಫಿಲಿಸ್ ಟ್ರಿಬಲ್ 1984ರ ಕೃತಿಯಲ್ಲಿ ಮರುವಿವೇಚಿಸಿದರು, ಮತ್ತು ದಕ್ಷಿಣ ಆಫ್ರಿಕಾದ ಚರ್ಚುಗಳಲ್ಲಿ ಅದು ‘ತಾಮಾರ್ ಅಭಿಯಾನ’ವಾಗಿ ಬೆಳೆಯಿತು.

ಈ ಓದಿಗೆ ಹಾಸನ ಜಿಲ್ಲೆ ಸಮೀಪದ ನಿದರ್ಶನ ಒದಗಿಸಿದೆ. 2024ರ ಏಪ್ರಿಲ್ 26ರ ಮತದಾನಕ್ಕೆ ಮುನ್ನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನೊಳಗೊಂಡ ಲೋಕಸಭಾ ಕ್ಷೇತ್ರದಲ್ಲಿ, ಅಲ್ಲಿನ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಎಸಗಿದರೆನ್ನಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿ, ದೃಶ್ಯಗಳಲ್ಲಿದ್ದ ಮಹಿಳೆಯರ ಗುರುತು ಬಯಲಾಗಿ, ಹಲವರು ಊರನ್ನೇ ತೊರೆಯುವಂತಾಯಿತು. ಇಂಥ ಅವಮಾನದ ನಡುವೆಯೂ ಏಪ್ರಿಲ್ 28ರಂದು ಹೊಳೆನರಸೀಪುರದಲ್ಲಿ ಮೊದಲ ದೂರು ದಾಖಲಾಯಿತು. ಮನೆಗೆಲಸ ಮಾಡುತ್ತಿದ್ದ ಇನ್ನೊಬ್ಬ ಮಹಿಳೆ ನೀಡಿದ ಸಾಕ್ಷ್ಯ ಮತ್ತು ತೋಟದ ಮನೆಯಲ್ಲಿ ಉಳಿದಿದ್ದ ಆಕೆಯ ಸೀರೆಯ ವಿಧಿವಿಜ್ಞಾನ ಪರೀಕ್ಷೆ ವಿಚಾರಣೆಯಲ್ಲಿ ನಿರ್ಣಾಯಕವಾಗಿ, ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ದೋಷಿಯೆಂದು ಘೋಷಿತರಾದರು. ಮರುದಿನ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಿತಾವಧಿಯ ಸೆರೆವಾಸ ವಿಧಿಸಿತು. ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆ.

ಈ ಧೈರ್ಯದ ಕೀರ್ತಿಯನ್ನು ಯಾವ ಧರ್ಮಸಭೆಯೂ ತನ್ನದೆನ್ನುವಂತಿಲ್ಲ, ಏಕೆಂದರೆ ಸಭೆಯೊಳಗೂ ಇದೇ ಪರೀಕ್ಷೆ ಎದುರಾಗಿದೆ. 2018ರಲ್ಲಿ ಬಿಷಪರೊಬ್ಬರ ವಿರುದ್ಧ ದೂರಿತ್ತ ಸನ್ಯಾಸಿನಿಯ ಬೆಂಬಲಕ್ಕೆ ಕೇರಳದ ಐವರು ಸನ್ಯಾಸಿನಿಯರು ಕೊಚ್ಚಿಯಲ್ಲಿ ಧರಣಿ ಕೂತರು; 2022ರಲ್ಲಿ ವಿಚಾರಣಾ ನ್ಯಾಯಾಲಯ ಆ ಬಿಷಪರನ್ನು ಖುಲಾಸೆಗೊಳಿಸಿತು. ತೀರ್ಪು ಏನೇ ಬರಲಿ, ದೂರಿತ್ತವಳ ಬದುಕು ಕೆಡದಂತೆ ಕಾಯುವುದು ಸುತ್ತಲಿನವರ ಹೊಣೆ. ಖಂಡಿಸುವ ಪ್ರವಾದಿ ಇಂದಿಗೂ ಬೇಕು, ಆದರೆ ಅವನು ನೊಂದವಳ ಪರವಾಗಿ ಮಾತಾಡಿ ಆಕೆಯ ಮಾತನ್ನು ಮರೆಮಾಡಬಾರದು. ಆಕೆ ನಿರ್ಭಯವಾಗಿ ಮಾತಾಡುವಂತೆ ಆಶ್ರಯ, ವಕೀಲರ ನೆರವು ಮತ್ತು ಜೀವನೋಪಾಯ ಒದಗಿಸುವುದೇ ಅವನ ಮೊದಲ ಕೆಲಸವೆಂಬ ನಿಲುವಿಗೆ ಈ ಚಿಂತನೆ ಬಂದು ತಲುಪಿದೆ.