ಕತ್ತು ಕೊಯ್ದು ಬದುಕಿಸುವ ಪಾಠ

1799ರ ಡಿಸೆಂಬರ್ 14. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಗಂಟಲು ಬಾತುಕೊಂಡು ಉಸಿರಿಗಾಗಿ ಪರದಾಡುತ್ತಿದ್ದರು. ಪಕ್ಕದಲ್ಲಿ ಮೂವರು ವೈದ್ಯರು. ಅವರಲ್ಲಿ ಕಿರಿಯವನಾದ ಎಲಿಶಾ ಡಿಕ್ ಶ್ವಾಸನಾಳಕ್ಕೆ ತೂತು ಮಾಡೋಣ ಎಂದ. ಹಿರಿಯರಿಬ್ಬರು ಒಪ್ಪದೆ ರಕ್ತ ಬಸಿಯುವುದನ್ನೇ ನೆಚ್ಚಿದರು. ಅಂದು ರಾತ್ರಿಯೇ ವಾಷಿಂಗ್ಟನ್ ತೀರಿಕೊಂಡರು.

ಗಂಟಲುಬ್ಬಿನ ಮೇಲಿಂದ ಬೆರಳು ಕೆಳಗೆ ಜಾರಿಸಿದರೆ ಒಂದು ಚಿಕ್ಕ ತಗ್ಗು ಸಿಗುತ್ತದೆ. ಅಲ್ಲಿರುವುದೇ ಕ್ರೈಕೋಥೈರಾಯ್ಡ್ ಪೊರೆ. ಚರ್ಮ ಕೊಯ್ದು ಉಸಿರಿನ ದಾರಿ ಸೇರಲು ಇದಕ್ಕಿಂತ ಹತ್ತಿರದ ಜಾಗವಿಲ್ಲ. ಆದರೂ ಈ ಜಾಗಕ್ಕೆ ಕೆಟ್ಟ ಹೆಸರು ಬಂತು. ಇಲ್ಲಿ ಕೊಯ್ದರೆ ಮುಂದೆ ಶ್ವಾಸಮಾರ್ಗ ಕಿರಿದಾಗುತ್ತದೆ ಎಂದು ಅಮೆರಿಕದ ಗಂಟಲು ತಜ್ಞ ಶೆವಲಿಯರ್ ಜ್ಯಾಕ್ಸನ್ 1921ರಲ್ಲಿ ಬರೆದರು. ಅವರು ಬರೆದದ್ದೆಂದರೆ ಆಗ ಶಾಸನ. ಅರ್ಧ ಶತಮಾನ ಈ ವಿಧಾನ ಮೂಲೆ ಸೇರಿತು. 1976ರಲ್ಲಿ ಡೆನ್ವರ್‌ನ ಬ್ರ್ಯಾಂಟಿಗನ್ ಮತ್ತು ಗ್ರೋ 655 ರೋಗಿಗಳ ಅನುಭವವನ್ನು ಪ್ರಕಟಿಸಿದ ಮೇಲೆ ಆ ಭಯ ಸಡಿಲವಾಯಿತು.

ಭಯ ಹೋದರೂ ಕಲಿಸುವುದು ಹೇಗೆ? ಅರಿವಳಿಕೆ ತಜ್ಞರು ದಿನವೂ ಬಾಯಿಂದ ಟ್ಯೂಬ್ ಹಾಕುತ್ತಾರೆ. ಟ್ಯೂಬೂ ಹೋಗದೆ, ಮಾಸ್ಕಿನಿಂದ ಗಾಳಿಯೂ ಹೋಗದೆ ಕತ್ತು ಕೊಯ್ಯಬೇಕಾಗುವುದು ಸುಮಾರು 50,000 ಅರಿವಳಿಕೆಗಳಲ್ಲಿ ಒಮ್ಮೆ. ವೃತ್ತಿಯಿಡೀ ಆ ಗಳಿಗೆ ಬರದಿರಬಹುದು. ನೋಡಿ ಕಲಿಯೋಣವೆಂದರೆ ನೋಡಲು ಸಿಗುವುದಿಲ್ಲ. ಹಾಗಾಗಿ ಬೊಂಬೆಗಳು ಬಂದವು, ಕಸಾಯಿಖಾನೆಯಿಂದ ತಂದ ಪ್ರಾಣಿಗಳ ಶ್ವಾಸನಾಳಗಳು ಬಂದವು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 102 ಅರಿವಳಿಕೆ ತಜ್ಞರು ಬೊಂಬೆಯ ಮೇಲೆ ಹತ್ತು ಹತ್ತು ಸಲ ಅಭ್ಯಾಸ ಮಾಡಿದರು. ಐದನೆಯ ಸಲಕ್ಕೆ ನೂರರಲ್ಲಿ 96 ಮಂದಿ 40 ಸೆಕೆಂಡಿನೊಳಗೆ ಕೆಲಸ ಮುಗಿಸಿದ್ದರು. ಕೈಗೆ ಇದು ಕಷ್ಟದ ವಿದ್ಯೆಯಲ್ಲ ಎಂದಾಯಿತು. ಬೊಂಬೆಗೆ ಮಾತ್ರ ರಕ್ತ ಬರುವುದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಆಂಡ್ರ್ಯೂ ಹರ್ಡ್ ತಂಡ ಅರಿವಳಿಕೆ ಕೊಟ್ಟ ಜೀವಂತ ಕುರಿಗಳ ಮೇಲೆ ಕಲಿಸತೊಡಗಿದ್ದು ಅದಕ್ಕೇ.

2005ರಲ್ಲಿ ಇಂಗ್ಲೆಂಡಿನಲ್ಲಿ ಸೈನಸ್ ಆಪರೇಷನ್ನಿಗೆ ಬಂದ ಮಹಿಳೆಯೊಬ್ಬರಿಗೆ ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಟಿಕೊಂಡಿತು. ಕತ್ತು ಕೊಯ್ಯುವ ಸಾಮಾನನ್ನು ನರ್ಸ್ ತಂದಿಟ್ಟಿದ್ದರು. ಅನುಭವಸ್ಥ ವೈದ್ಯರು ಟ್ಯೂಬ್ ಹಾಕುವುದರಲ್ಲೇ ಮುಳುಗಿದ್ದರು. ಆಕೆ ಉಳಿಯಲಿಲ್ಲ. ಇನ್ನೂರು ವರ್ಷ ಕಳೆದರೂ ವಾಷಿಂಗ್ಟನ್ನರ ಕೋಣೆಯೇ! ಪತಿ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ಅಪಘಾತವಾದಾಗ ವಿಮಾನಯಾನದಲ್ಲಿ ನಡೆಯುವಂಥ ತನಿಖೆ ಇಲ್ಲೂ ಆಗಲಿ ಎಂದು ಹಟ ಹಿಡಿದರು. ತರಬೇತಿಯ ದಿಕ್ಕು ಬದಲಾಯಿಸಿದವರಲ್ಲಿ ಈ ವೈದ್ಯರಲ್ಲದ ಮನುಷ್ಯನಿಗೆ ನಾನು ಮೊದಲ ಸಾಲಿನಲ್ಲೇ ಜಾಗ ಕೊಡುತ್ತೇನೆ. “ಟ್ಯೂಬ್ ಹೋಗುತ್ತಿಲ್ಲ, ಗಾಳಿಯೂ ಹೋಗುತ್ತಿಲ್ಲ, ಕತ್ತಿನಿಂದ ಹೋಗುತ್ತೇನೆ” ಎಂದು ಎಲ್ಲರಿಗೂ ಕೇಳುವಂತೆ ಹೇಳುವುದೂ ಈಗ ಕಾರ್ಯಾಗಾರಗಳ ಪಾಠ.

2011ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಕಹಿ ಸತ್ಯ ಹೊರಗೆಡವಿತು. ತುರ್ತಿನಲ್ಲಿ ಅರಿವಳಿಕೆ ತಜ್ಞರು ತಮಗೆ ರೂಢಿಯಾದ ಸೂಜಿ, ಕ್ಯಾನುಲಾ ಎಂಬ ಸಣ್ಣ ಕೊಳವೆಗಳನ್ನೇ ಕತ್ತಿಗೆ ಚುಚ್ಚುತ್ತಿದ್ದರು. ಅದು ಸುಮಾರು ನೂರಕ್ಕೆ ಅರವತ್ತು ಸಲ ಕೈಕೊಟ್ಟಿತ್ತು. ಬ್ಲೇಡ್ ಹಿಡಿದವರು ಬಹುತೇಕ ಗೆದ್ದಿದ್ದರು. ಅಲ್ಲಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ 2015ರಲ್ಲಿ ಒಂದೇ ದಾರಿ ಹೇಳಿತು: 10ನೇ ನಂಬರಿನ ಬ್ಲೇಡ್, ಬೂಜಿ ಎಂಬ ಬಾಗುವ ಕಡ್ಡಿ, 6 ಮಿಲಿಮೀಟರಿನ ಟ್ಯೂಬ್. ಪರ್ತ್‌ನವರು ಇದನ್ನು ಒಪ್ಪಲಿಲ್ಲ. ಸರಿಯಾಗಿ ಕಲಿಸಿದರೆ ಕ್ಯಾನುಲಾವೂ ಸಾಕು ಎಂಬುದು ಅವರ ವಾದ. ತುರ್ತಿನ ಗಳಿಗೆಯಲ್ಲಿ ಆಯ್ಕೆ ಕಡಿಮೆಯಿದ್ದಷ್ಟೂ ಮೇಲು ಎನ್ನುವ ಬ್ರಿಟಿಷರ ಕಡೆಗೇ ನನ್ನ ಒಲವು.

ನಮ್ಮ ದೇಶದಲ್ಲಿ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ತನ್ನದೇ ಮಾರ್ಗಸೂಚಿ ಪ್ರಕಟಿಸಿತು. ಕಲಿತದ್ದು ಕೆಲವೇ ತಿಂಗಳಲ್ಲಿ ಕೈಬಿಟ್ಟುಹೋಗುವ ವಿದ್ಯೆ ಇದು. ಒಬ್ಬರೇ ಅರಿವಳಿಕೆ ತಜ್ಞರಿರುವ ತಾಲ್ಲೂಕು ಆಸ್ಪತ್ರೆಯವರು ಕಾರ್ಯಾಗಾರಕ್ಕೆಂದು ಮತ್ತೆ ಮತ್ತೆ ರಜೆ ಹಾಕಲಾರರು. ಮಟನ್ ಅಂಗಡಿಯಿಂದ ಕುರಿಯ ಶ್ವಾಸನಾಳ ತರಿಸಿಕೊಂಡರೆ ಅಭ್ಯಾಸ ಆಸ್ಪತ್ರೆಯಲ್ಲೇ ಆಗುತ್ತದೆ. ಆ ದಿನ ನರ್ಸುಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಬ್ಲೇಡ್, ಬೂಜಿ, ಟ್ಯೂಬ್ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಟ್ರಾಲಿಗೆ ತೂಗುಹಾಕಿ.