ಆತ್ಮ ರಾಮ

ಬೆಂಗಳೂರಿನ ರ‍್ಯಾಪರ್ ಬ್ರೋಧಾ ವಿ (ವಿಘ್ನೇಶ್ ಶಿವಾನಂದ್) 2012ರಲ್ಲಿ ಹೊರತಂದ ಆರಂಭಿಕ ಹಾಡು. ಅದಕ್ಕೂ ಮುನ್ನ ಈತ ‘ಮಚ್ಚಾಸ್ ವಿತ್ ಆಟಿಟ್ಯೂಡ್’ ತಂಡದಲ್ಲಿದ್ದ. ಇದು ಒಂದೇ ಹಾಡಾದರೂ, ತನ್ನ ಕತ್ತಲೆಯನ್ನು ತಾನೇ ಬಿಚ್ಚಿಡುವ ರ‍್ಯಾಪ್‌ಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಾಹಿತ್ಯ ಇಂಗ್ಲಿಷಿನದು. ಕೈಯಲ್ಲಿ ಕಾಸಿಲ್ಲದ ಮನೆ, ಇಸ್ಪೀಟಿನ ಚಟ, ದಾರಿ ತಪ್ಪಿದ ಹರೆಯ, ಇವನ್ನೆಲ್ಲ ಗಾಯಕ ಉಸಿರುಗಟ್ಟುವ ವೇಗದಲ್ಲಿ ಒಪ್ಪಿಕೊಳ್ಳುತ್ತಾನೆ. ಅಷ್ಟರಲ್ಲಿ ಲಯ ಸಡಿಲಗೊಂಡು, ಭಜನೆಮನೆಗಳಲ್ಲಿ ಕೇಳಿ ಬೆಳೆದ ರಾಮನಾಮ ಪಲ್ಲವಿಯಾಗಿ ತೇಲಿಬರುತ್ತದೆ. ಹಾಡಿನ ಜೀವ ಇರುವುದೇ ಈ ತಿರುವಿನಲ್ಲಿ. ಹಳ್ಳಿಯಲ್ಲಿ ಭಜನೆ ಕೇಳಿ ಬೆಳೆದವರಿಗೆ ಇಂಗ್ಲಿಷ್ ಪೂರ್ತಿ ದಕ್ಕದಿದ್ದರೂ ಪಲ್ಲವಿ ನೇರ ಎದೆಗಿಳಿಯುತ್ತದೆ.

ತನ್ನ ಕತ್ತಲೆಯನ್ನು ಹೀಗೇ ಬಿಚ್ಚಿಟ್ಟ ನ್ಯೂಯಾರ್ಕಿನ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ.ಯ ಮೊದಲ ಆಲ್ಬಂ ‘ರೆಡಿ ಟು ಡೈ’ (1994) ಹುಟ್ಟಿನಿಂದ ಆರಂಭವಾಗಿ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ, ಅಲ್ಲಿ ಬಿಡುಗಡೆಯಿಲ್ಲ. ‘ಆತ್ಮ ರಾಮ’ದಲ್ಲಿ ಪ್ರಾರ್ಥನೆಯಿದೆ. ದೇವರ ಹೆಸರು ತಪ್ಪೊಪ್ಪಿಗೆಯನ್ನು ಮೆದುವಾಗಿಸುತ್ತದೆ ಎಂದು ಕೇಳುಗರು ಆಕ್ಷೇಪಿಸಬಹುದು. ಆದರೆ ಸೋತವನು ರಾಮನನ್ನು ಕರೆಯುವುದು ನಮ್ಮಲ್ಲಿ ದಾಸರ ಕಾಲದಿಂದ ಬಂದ ಪ್ರಾಮಾಣಿಕತೆಯೇ.